ನಾನ್ನೂರ ಹನ್ನೆರಡನೇ ಚುಕ್ಕಿ

ನಮ್ಮೂರಿನಲ್ಲಿ ಒಬ್ಬರಿಗೆ ಒಂದೇ ಚುಕ್ಕಿ ಕಾಣುವುದು. ಚಂದ್ರ ಎಲ್ಲರಿಗೂ ಕಾಣುತ್ತಾನೆ, ಸೂರ್ಯನಂತೂ ಸರಿಯೇ ಸರಿ, ಅವರಿಬ್ಬರ ವಿಷಯದಲ್ಲಿ ತಕರಾರಿಲ್ಲ. ಚುಕ್ಕಿ ಮಾತ್ರ ತಲೆಗೊಂದು. ಗಂಡನಿಗೆ ಕಂಡದ್ದು ಹೆಂಡತಿಗೆ ಕಾಣುವುದಿಲ್ಲ, ತಾಯಿಗೆ ಕಂಡದ್ದು ಮಗುವಿಗೆ ಕಾಣುವುದಿಲ್ಲ. ಸಂಜೆ ಮನೆ ಮುಂದೆ ಕೂತವರು "ನಿಂದು ಬಂತಾ?" ಎಂದು ಕೇಳುವುದು, "ಇನ್ನೂ ಇಲ್ಲ, ನೀರಿನ ಟ್ಯಾಂಕಿನ ಹಿಂದೈತೆ" ಎಂದು ಇನ್ನೊಬ್ಬರು ಹೇಳುವುದು ನಮ್ಮಲ್ಲಿ ಊಟ ಆಯಿತಾ ಎಂದು ಕೇಳಿದಷ್ಟೇ ಸಹಜ. ಮಕ್ಕಳಿಗೆ ಏಳೆಂಟು ವರ್ಷಕ್ಕೆ ಕಾಣಲು ಶುರುವಾಗುತ್ತದೆ. ಕೆಲವರದು ಸಾಸಿವೆಯಷ್ಟು, ಕೆಲವರದು ಜೋಳದ ಕಾಳಿನಷ್ಟು. ದೊಡ್ಡ ಚುಕ್ಕಿಯವರು ಸ್ವಲ್ಪ ಬೀಗುತ್ತಾರೆ. ಬೀಗಲಿ, ಅದರಿಂದ ಯಾರ ಮನೆ ಗಂಟೂ ಹೋಗುವುದಿಲ್ಲ.

ಹೀಗೆ ಎಲ್ಲರಿಗೂ ಒಂದೊಂದೇ ಕಂಡರೆ ಇಡೀ ಆಕಾಶ ಹೇಗಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಬೋರಲಿಂಗಯ್ಯ ಮೇಷ್ಟ್ರು. ಪುಸ್ತಕದಲ್ಲಿ ಅಚ್ಚಾದ ಆಕಾಶ ನಮ್ಮೂರ ಲೆಕ್ಕಕ್ಕೆ ಹೊಂದುವುದಿಲ್ಲ ಎಂದು ಅವರಿಗೆ ಬಂದ ವರ್ಷವೇ ಗೊತ್ತಾಗಿತ್ತು. ಹಾಗಾದರೆ ಊರಿನವರನ್ನೇ ಒಬ್ಬೊಬ್ಬರಾಗಿ ಕೇಳಿ ನಕ್ಷೆ ಬರೆಯೋಣ ಎಂದು ಖಗೋಳ ವೀಕ್ಷಕರ ಸಂಘ ಕಟ್ಟಿದರು. ಸಂಘಕ್ಕೆ ಒಂದು ದೂರದರ್ಶಕ ಬಂತು. ಅದರಲ್ಲಿ ನೋಡಿದರೂ ಅವರವರ ಚುಕ್ಕಿಯೇ ಸ್ವಲ್ಪ ದಪ್ಪಗೆ ಕಾಣುತ್ತಿತ್ತು, ಅಷ್ಟೆ. ಕೊನೆಗೆ ಅದನ್ನು ಚಂದ್ರನ ಕುಳಿ ತೋರಿಸಲು ಮೀಸಲಿಟ್ಟರು. ಭಾನುವಾರ ಮಕ್ಕಳಿಗೆ ಪಾಠ, ಗ್ರಹಣದ ದಿನ ರಟ್ಟಿಗೆ ತೂತು ಮಾಡಿ ಸೂರ್ಯನ ಬಿಂಬ ತೋರಿಸುವುದು, ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಗಂಟೆ ಹೇಳುವುದು, ಮದುವೆ ಮಾತುಕತೆಯಲ್ಲಿ "ಹುಡುಗಿ ಚುಕ್ಕಿ ಯಾವ ದಿಕ್ಕು?" ಎಂದು ಕೇಳುವವರ ಜೊತೆ ಜಗಳ ಆಡುವುದು, ಎಲ್ಲ ಸಂಘದ ಕೆಲಸವೇ. ಶಾಲೆಯ ಗೋಡೆಯ ಮೇಲೆ ಮೇಷ್ಟ್ರು ತಮ್ಮ ಕೈಯಾರೆ ಬರೆದಿದ್ದರು: ಕಂಡದ್ದನ್ನು ಹೇಳಿ, ಕಂಡಷ್ಟನ್ನೇ ಹೇಳಿ.

ಹತ್ತು ವರ್ಷ ತುಂಬಿದ ಮಗುವನ್ನು ಸಂಘಕ್ಕೆ ಕರೆದುಕೊಂಡು ಬರಬೇಕು. ಮೂರು ಸಂಜೆ ಶಾಲೆಯ ಮಾಳಿಗೆಯ ಮೇಲೆ ನಿಲ್ಲಬೇಕು. ಮೊದಲೆರಡು ಸಂಜೆ ಸುಮ್ಮನೆ ನೋಡುವುದು, ಮೂರನೆಯ ಸಂಜೆ ಹೇಳುವುದು. ತೋಳನ್ನು ನೇರ ಚಾಚಿ ಮುಷ್ಟಿ ಕಟ್ಟಿ, ನೆಲದ ಅಂಚಿನಿಂದ ಚುಕ್ಕಿಯವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋದರೆ ಎತ್ತರ ಸಿಗುತ್ತದೆ. ದಿಕ್ಕು, ಎತ್ತರ, ಗಂಟೆ ಮೂರನ್ನೂ ಪುಸ್ತಕದಲ್ಲಿ ಬರೆದು ಒಂದು ನಂಬರು ಕೊಡುತ್ತಾರೆ. ಇದಕ್ಕೆ ಮೊದಲ ಗುರುತು ಎಂದು ಹೆಸರು. ಮನೆಯವರು ಅಲ್ಲಿಯೇ ಮಂಡಕ್ಕಿ ಬೆಲ್ಲ ಹಂಚುತ್ತಾರೆ. ಇನ್ನು ಮೇಲೆ ಅದು ಊರಿನ ಮಗು.

ನನ್ನ ನಂಬರು ನಾನ್ನೂರ ಹನ್ನೆರಡು. ಹೆಸರು ಸುಗುಣ. ಬಸ್ ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಹತ್ತೊಂಬತ್ತು ವರ್ಷದಿಂದ ಸಂಘದ ಕಾರ್ಯದರ್ಶಿ, ನಕ್ಷೆ ನನ್ನ ಕೈಬರಹದ್ದು. ನನಗೆ ಯಾವ ಚುಕ್ಕಿಯೂ ಕಾಣುವುದಿಲ್ಲ. ಒಂದು ದಿನವೂ ಕಂಡಿಲ್ಲ.

ನನ್ನಜ್ಜಿ ಯಾರ ಮೇಲಾದರೂ ವಿಪರೀತ ಸಿಟ್ಟು ಬಂದರೆ ಬೈಯುತ್ತಿದ್ದದ್ದು "ಚುಕ್ಕಿಗೆಟ್ಟವಳೇ" ಎಂದು. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ಹಾಗಾಗಿ ಮೂರನೆಯ ಸಂಜೆ ಮೇಷ್ಟ್ರು "ಹೇಳಮ್ಮ" ಎಂದಾಗ ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ: ದಕ್ಷಿಣಕ್ಕೆ, ಎರಡು ಮುಷ್ಟಿ. ನಮ್ಮಪ್ಪ ಬೆಲ್ಲ ಹಂಚಿದ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಭಾನುವಾರದ ಪಾಠದಲ್ಲಿ ಮೇಷ್ಟ್ರು, ಚುಕ್ಕಿ ನಿಂತಲ್ಲಿ ನಿಲ್ಲುವುದಿಲ್ಲ, ಗಂಟೆಗೆ ಒಂದೂವರೆ ಮುಷ್ಟಿ ಸರಿಯುತ್ತದೆ, ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತದೆ, ತಿಂಗಳಿಗೆ ಎರಡು ಗಂಟೆ ಎಂದು ಬೋರ್ಡಿನ ಮೇಲೆ ಬರೆದರು. ಗುರುತು ಬರೆಸಿದವರು ತಿಂಗಳಿಗೊಮ್ಮೆ ಬಂದು ಮತ್ತೆ ಹೇಳಬೇಕಲ್ಲ. ಅವತ್ತಿನಿಂದ ನಾನು ಲೆಕ್ಕಕ್ಕೆ ಕೂತೆ. ಉಳಿದ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ನಾನು ನಾಲ್ಕು ನಿಮಿಷವನ್ನು ಕೂಡುತ್ತಿದ್ದೆ. ಮೇಷ್ಟ್ರ ಕಪಾಟಿನಲ್ಲಿದ್ದ ತ್ರಿಕೋನದ ಗಣಿತದ ಪುಸ್ತಕ ತಂದು, ಅರ್ಥವಾಗದಿದ್ದದ್ದನ್ನು ಅವರನ್ನೇ ಕೇಳಿ ಕಲಿತೆ. ಎಷ್ಟು ಆಸಕ್ತಿ ನೋಡಿ ಈ ಮಗುವಿಗೆ ಎಂದು ಅವರು ಎಲ್ಲರ ಮುಂದೆ ಹೊಗಳುತ್ತಿದ್ದರು. ಆಸಕ್ತಿ ಎಲ್ಲಿಂದ ಬರಬೇಕು, ಹೆದರಿಕೆ.

ಕಣ್ಣಿನಿಂದ ನೋಡುವವರು ತಪ್ಪುತ್ತಾರೆ. ಕೈ ನಡುಗುತ್ತದೆ, ಮೋಡ ಅಡ್ಡ ಬರುತ್ತದೆ, ಒಬ್ಬನ ಮುಷ್ಟಿ ದಪ್ಪ, ಇನ್ನೊಬ್ಬನದು ಸಣ್ಣ. ನಾನು ಗಡಿಯಾರ ನೋಡಿ ಹೇಳುತ್ತಿದ್ದವಳು, ತಪ್ಪುವ ಮಾತೇ ಇರಲಿಲ್ಲ. ಇದರಿಂದಾಗಿ ಆಗಬಾರದ್ದು ಆಯಿತು. ಎಂಟು ಹತ್ತು ವರ್ಷದ ಗುರುತು ತಿರುವಿ ಹಾಕಿದ ಮೇಷ್ಟ್ರು, ಊರಿನಲ್ಲೆಲ್ಲ ನಂಬಿಕೆಯ ಚುಕ್ಕಿ ಅಂದರೆ ಸುಗುಣನದು ಎಂದು ತೀರ್ಮಾನಿಸಿದರು. ಅಳತೆ ಶುರುಮಾಡುವ ಮುಂಚೆ ಮೊದಲು ನನ್ನ ಚುಕ್ಕಿ ಎಲ್ಲಿದೆ ಎಂದು ಕೇಳುವುದು, ಸಂಘದ ಗಡಿಯಾರ, ಕೋನ ಅಳೆಯುವ ಹಲಗೆ ಎರಡನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು, ಆಮೇಲೆ ಉಳಿದವರದು ಬರೆಯುವುದು. ಊರ ಆಕಾಶವೆಲ್ಲ ನನ್ನ ಸುಳ್ಳಿಗೆ ಗಂಟು ಬಿದ್ದಿತು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವರ ಮನೆ ಬಾಗಿಲವರೆಗೆ ಹೋಗಿದ್ದೇನೆ. ಅವರ ಹೆಂಡತಿ ಕಾಫಿ ಕೊಡುತ್ತಿದ್ದರು, ಕುಡಿದು ವಾಪಸು ಬರುತ್ತಿದ್ದೆ.

ಹೀಗಿರುವಾಗ ಹೋದ ಮಾಘದಲ್ಲಿ ಜಯಶೀಲ ನನ್ನ ಅಂಗಡಿಗೆ ಬಂದಳು. ಹಿಟ್ಟಿನ ಗಿರಣಿಯಲ್ಲಿ ಕೆಲಸ ಅವಳಿಗೆ, ರೆಪ್ಪೆಯ ಮೇಲೂ ಹಿಟ್ಟು. ಅವಳ ಮಗಳು ಪವಿತ್ರ ಹಿಂದಿನ ವರ್ಷ ಮೊದಲ ಗುರುತಿಗೆ ಬಂದು, ಕಾಣಲ್ಲ ಎಂದಿದ್ದಳು. "ಕಾಣದೆ ಏನು, ನೋಡೋ ಕ್ರಮ ಗೊತ್ತಾಗಿಲ್ಲ, ಬರೋ ವರ್ಷ ಬಾ" ಎಂದು ಮೇಷ್ಟ್ರು ಕಳಿಸಿದ್ದರು. ಸರಿಯಾಗಿ ಕಲಿಸಿದರೆ ಕಾಣದ ಮನುಷ್ಯನೇ ಇಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಕಾಣದವರನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಜಾಗವನ್ನೂ ಅವರು ಬಿಟ್ಟಿರಲಿಲ್ಲ.

"ಈ ವರ್ಷವೂ ಇಲ್ಲ ಸುಗುಣಕ್ಕ," ಎಂದಳು ಜಯಶೀಲ. ನಿಂತೇ ಇದ್ದಳು, ಸ್ಟೂಲ್ ಎಳೆದುಕೊಟ್ಟರೂ ಕೂರಲಿಲ್ಲ. "ದಿನಾ ಮಾಳಿಗೆ ಮೇಲೆ ನಿಂತ್ಕೊಂಡು ನೋಡ್ತಾಳೆ. ಕತ್ತು ನೋವು ಅಂತ ಅಳ್ತಾಳೆ, ಆದ್ರೂ ನೋಡ್ತಾಳೆ. ಇಸ್ಕೂಲಲ್ಲಿ ಪಕ್ಕ ಕೂರ್ಸ್ಕೊಳ್ಳಲ್ವಂತೆ. ನಿಮ್ಮತ್ರ ನಕ್ಷೆ ಐತಲ್ಲ. ಎಲ್ಲಾದ್ರೂ ಖಾಲಿ ಇರೋ ಜಾಗ ಒಂದು ಹೇಳ್ಬಿಡಿ. ಅವ್ಳು ಅದನ್ನೇ ಹೇಳ್ತಾಳೆ."

"ಸುಳ್ಳು ಹೇಳ್ಸದಾ?"

"ಯಾರ್ಗೆ ನಷ್ಟ ಅಕ್ಕ? ಆಕಾಶ ಏನು ಇಕ್ಕಟ್ಟಾಯ್ತದಾ?"

ನಾನು ಆಗಲ್ಲ ಎನ್ನಬೇಕಿತ್ತು. ಇಲ್ಲವೇ ನನ್ನ ಕಥೆ ಹೇಳಬೇಕಿತ್ತು. ಎರಡನ್ನೂ ಮಾಡಲಿಲ್ಲ. ಆ ಹುಡುಗಿಯ ಕತ್ತು ನೋವು ಏನೆಂದು ನನಗೆ ಗೊತ್ತಿತ್ತು. ಅಂಗಡಿಯ ರಸೀದಿಯ ಹಿಂದೆ ಬರೆದುಕೊಟ್ಟೆ: ಪಶ್ಚಿಮಕ್ಕೆ, ಮೂರು ಮುಷ್ಟಿ. ಮುಂದಿನದನ್ನು ತಿಂಗಳು ತಿಂಗಳು ನಾನೇ ಹೇಳಿಕೊಡುತ್ತೇನೆ, ಯಾರಿಗೂ ತೋರಿಸಬೇಡ ಎಂದೆ. ಜಯಶೀಲ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ.

ಆ ವರ್ಷ ಮೊದಲ ಗುರುತಿನ ಮೂರನೆಯ ಸಂಜೆ ಶಾಲೆಯ ಅಂಗಳದಲ್ಲೇ ದೊಡ್ಡ ಸಮಾರಂಭ. ಮೂವತ್ತೇಳು ವರ್ಷದ ನಕ್ಷೆಯನ್ನು ಶಾಲೆಯ ಉದ್ದನೆಯ ಗೋಡೆಗೆ ನೀಲಿ ಬಳಿದು ಬಿಳಿ ಚುಕ್ಕಿ ಇಟ್ಟು ಬರೆಸಿದ್ದರು. ತೀರಿಕೊಂಡವರದು ಬರಿಯ ಸೊನ್ನೆ, ಬದುಕಿದ್ದವರದು ತುಂಬಿದ ಚುಕ್ಕಿ. ಮೇಷ್ಟ್ರಿಗೆ ಎಪ್ಪತ್ತೆಂಟು. ಇದೊಂದು ನೋಡಿಬಿಟ್ಟರೆ ಸಾಕು ಎನ್ನುತ್ತಿದ್ದರು. ಹನ್ನೊಂದು ಮಕ್ಕಳು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು, ಅರ್ಧಕ್ಕರ್ಧ ನಾನು ಹೊಲಿದದ್ದು. ಪವಿತ್ರ ಸಾಲಿನ ಕೊನೆಗಿದ್ದಳು. ಏಳು ಗಂಟೆಗೆ ಸರಿಯಾಗಿ ಮಕ್ಕಳ ಸರದಿ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದೆವು. ಆ ಏಳು ಗಂಟೆಯನ್ನು ನಂಬಿ ನಾನು ಮೂರು ಮುಷ್ಟಿ ಎಂದು ಬರೆದದ್ದು.

ಮುಖ್ಯ ಅತಿಥಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವರು ಬಂದದ್ದು ಏಳು ಗಂಟೆಗೆ. ಹಾರ, ಶಾಲು, ಸ್ವಾಗತ ಭಾಷಣ, ಆಮೇಲೆ ಅವರದೇ ಭಾಷಣ. ನಾನು ವೇದಿಕೆಯ ಮೇಲೆ ಪುಸ್ತಕ ತೆರೆದುಕೊಂಡು ಕೂತಿದ್ದೆ. ಏಳೂಕಾಲಾಯಿತು, ಏಳೂವರೆಯಾಯಿತು. ಗಡಿಯಾರದ ಮುಳ್ಳು ಸರಿದ ಹಾಗೆಲ್ಲ ನನ್ನ ಲೆಕ್ಕ ತಾನಾಗಿಯೇ ಓಡುತ್ತಿತ್ತು: ಎರಡೂ ಮುಕ್ಕಾಲು ಮುಷ್ಟಿ, ಎರಡೂಕಾಲು, ಎರಡು. ಆ ಮಗುವಿಗೆ ನಾನು ಗಂಟೆಗೆ ಒಂದೂವರೆ ಮುಷ್ಟಿಯ ವಿಷಯ ಹೇಳಿರಲಿಲ್ಲ. ಹೇಳಲು ನೆನಪೇ ಆಗಿರಲಿಲ್ಲ. ಮೂವತ್ತಾರು ವರ್ಷ ಅದೊಂದರಿಂದಲೇ ಬದುಕಿದವಳು, ಅದೊಂದನ್ನೇ ಮರೆತಿದ್ದೆ. ಎದ್ದು ಹೋಗಿ ಕಿವಿಯಲ್ಲಿ ಹೇಳೋಣವೆಂದರೆ ಸಾವಿರ ಜನ ಎದುರಿಗಿದ್ದರು. ಪವಿತ್ರಳ ತುಟಿ ಆಡುತ್ತಿತ್ತು. ಪಾಠ ಒಪ್ಪಿಸುವವಳ ಹಾಗೆ ಪಶ್ಚಿಮ, ಮೂರು ಮುಷ್ಟಿ ಎಂದು ಹೇಳಿಕೊಳ್ಳುತ್ತಿದ್ದಳು.

ಅವಳ ಸರದಿ ಬಂದಾಗ ಎಂಟು ಗಂಟೆ. ಅವಳು ತೋಳು ಚಾಚಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು, ಚೆನ್ನಾಗಿಯೇ ಅಳೆದಂತೆ ಮಾಡಿ, "ಪಶ್ಚಿಮಕ್ಕೆ ಸಾ, ಮೂರು ಮುಷ್ಟಿ" ಎಂದಳು. ಮೇಷ್ಟ್ರ ಮುಖ ಅರಳಿತು. ಹೋದ ವರ್ಷ ವಾಪಸು ಕಳಿಸಿದ ಮಗು ಅದು.

"ಭೇಷ್. ಮುಂಚೆ ಇಲ್ಲಿ ನಿಂತಿದ್ಯಲ್ಲ, ಏಳು ಗಂಟೆಗೆ. ಆಗ ಎಲ್ಲಿತ್ತು ಹೇಳು ನೋಡೋಣ," ಎಂದರು. ಅತಿಥಿಗಳಿಗೆ ಚುಕ್ಕಿ ಸರಿಯುವುದನ್ನು ತೋರಿಸಬೇಕೆಂಬ ಹುಮ್ಮಸ್ಸು ಅವರದು, ಬೇರೆ ಏನೂ ಇಲ್ಲ.

ಪವಿತ್ರ ತಾಯಿಯ ಕಡೆ ನೋಡಿದಳು. "ಆಗ್ಲೂ ಅಲ್ಲೇ ಸಾ. ಮೂರು ಮುಷ್ಟಿ."

"ಒಂದು ಗಂಟೇಲಿ ನಿನ್ನ ಚುಕ್ಕಿ ಅಲ್ಲಾಡ್ಲೇ ಇಲ್ವೇನಮ್ಮ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇನ್ನು ಯಾರೋ ಆ ಬೈಗುಳವನ್ನು, ನನ್ನಜ್ಜಿಯ ಬೈಗುಳವನ್ನು, ಸಣ್ಣ ದನಿಯಲ್ಲಿ ಹೇಳಿದರು. ಸಣ್ಣ ದನಿಯಾದರೂ ಎಲ್ಲರಿಗೂ ಕೇಳಿಸಿತು. ಹುಡುಗಿ ಚಾಚಿದ ತೋಳನ್ನು ಇಳಿಸಲೂ ಇಲ್ಲ, ಹಾಗೇ ನಿಂತಿದ್ದಳು. ಜಯಶೀಲ ನನ್ನನ್ನು ನೋಡುತ್ತಿದ್ದಳು. ಅವಳು ನನ್ನ ಹೆಸರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಾಯುವವರೆಗೂ ಹೇಳುತ್ತಿರಲಿಲ್ಲ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ನಾನ್ನೂರ ಹನ್ನೆರಡು ಗೋಡೆಯ ಮೇಲೆ ದೊಡ್ಡದಾಗಿ ಹೊಳೆಯುತ್ತಾ ಇರುತ್ತಿತ್ತು, ಆ ಮಗು ಊರು ಬಿಡುತ್ತಿತ್ತು.

"ಅವಳದಲ್ಲ ಮೇಷ್ಟ್ರೇ, ನಂದು," ಎಂದೆ. ಎದ್ದು ನಿಂತು ಇನ್ನೊಮ್ಮೆ ಹೇಳಿದೆ. "ನಾನು ಬರ್ಕೊಟ್ಟದ್ದು. ಏಳು ಗಂಟೆ ಲೆಕ್ಕಕ್ಕೆ ಬರ್ಕೊಟ್ಟಿದ್ದೆ. ಅವಳಿಗೆ ಕಾಣಲ್ಲ. ನನಗೂ ಕಾಣಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ನಿನಗೆ ಏನು ಕಾಣಲ್ಲ?"

"ಚುಕ್ಕಿ."

"ನಾನ್ನೂರ ಹನ್ನೆರಡು?"

"ಇಲ್ಲ ಸಾರ್. ಯಾವತ್ತೂ ಇರಲಿಲ್ಲ. ಲೆಕ್ಕ ಹಾಕಿ ಹೇಳ್ತಿದ್ದೆ. ದಿನಕ್ಕೆ ನಾಲ್ಕು ನಿಮಿಷ, ನೀವೇ ಹೇಳ್ಕೊಟ್ಟಿದ್ದು."

ಅವರು ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಬೇಕರಿ ಇಟ್ಟಿರುವ ಚೆನ್ನಬಸಪ್ಪ, ಅವನದು ಊರಿನಲ್ಲೇ ದಪ್ಪನೆಯ ಚುಕ್ಕಿ, ಎದ್ದು ನಿಂತು, "ಹಂಗಾದ್ರೆ ಗೋಡೆ ಮೇಲಿರೋದು ಪೂರಾ ಸುಳ್ಳೇನ್ರಿ ಮೇಷ್ಟ್ರೇ?" ಎಂದು ಕೇಳಿದ.

"ಗೊತ್ತಿಲ್ಲ ಕಣಪ್ಪ. ಮತ್ತೆ ಅಳೀಬೇಕು," ಎಂದರು ಮೇಷ್ಟ್ರು. ಆಮೇಲೆ ಯಾರಿಗೂ ಅಲ್ಲದ ಹಾಗೆ, "ಇಷ್ಟು ವರ್ಷ ಎಲ್ಲಿ ಕಾಣುತ್ತೆ ಅಂತ ಕೇಳ್ದೆ. ಕಾಣುತ್ತಾ ಅಂತ ಕೇಳ್ಲೇ ಇಲ್ವಲ್ಲ," ಎಂದರು. ನನ್ನ ಮುಂದಿದ್ದ ಪುಸ್ತಕ ತೆಗೆದುಕೊಂಡು ಹಿಂದಕ್ಕೆ ತಿರುವಿ, ಸ್ಕೇಲು ಇಟ್ಟು ನಾನ್ನೂರ ಹನ್ನೆರಡನ್ನು ಹೊಡೆದು ಹಾಕಿದರು. ಗೆರೆ ಸೊಟ್ಟಗಾಯಿತು. ನನ್ನ ಮುಖ ನೋಡದೆ ಹೇಳಿದರು: "ನಾಳೆಯಿಂದ ಮೂರು ಸಂಜೆ ಬನ್ನಿ, ಇಬ್ಬರೂ. ಎಲ್ಲ ಮಕ್ಕಳ ಹಾಗೆ ನೋಡಿ ಹೇಳ್ಬೇಕು."

ಅವರಿಗೆ ಎಷ್ಟು ನೋವಾಯಿತು ಎಂದು ನಾನು ಅಳೆಯಲಾರೆ. ಮನೆಯವರೆಗೆ ಅವರನ್ನು ಇಬ್ಬರು ಹಿಡಿದುಕೊಂಡು ಹೋದರಂತೆ. ನಾನು ಬೀಗ ಹಾಕಿದ ಅಂಗಡಿಯೊಳಗೆ ಕೂತಿದ್ದೆ. ಮಾರನೆಯ ದಿನ ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ನಾಲ್ಕಾರು ಮಂದಿ ಹಾಗೇ ವಾಪಸು ತೆಗೆದುಕೊಂಡು ಹೋದರು. ಅವರದು ತಪ್ಪು ಎನ್ನುವುದಿಲ್ಲ. ಅವರ ಚುಕ್ಕಿಗಳನ್ನು ನನ್ನದಕ್ಕೆ ಹೊಂದಿಸಿ ಬರೆದದ್ದಲ್ಲವೇ? ಅವರ ಪೈಕಿ ಒಬ್ಬಾಕೆಯ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಅವನದು ಗೋಡೆಯ ಮೇಲೆ ಸೊನ್ನೆಯಾಗಿ ಉಳಿದಿತ್ತು, ಅದನ್ನು ಮತ್ತೆ ಅಳೆಯಲು ಅವನಿಲ್ಲ. ಅವಳು ಬೈಯಲಿಲ್ಲ. ಬ್ಲೌಸ್ ಪೀಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಸುಗುಣ, ಅವರು ಎಲ್ಲವ್ರೆ ಅಂತ ನನಗೆ ಈಗ ಯಾರು ಹೇಳ್ತಾರೆ?" ಎಂದಷ್ಟೇ ಕೇಳಿದಳು.

ಸಂಜೆ ಮಾಳಿಗೆಗೆ ಹೋದೆ. ಪವಿತ್ರ ಆಗಲೇ ಬಂದು ನಿಂತಿದ್ದಳು, ಕೆಳಗೆ ಅವಳ ತಾಯಿ ಮೆಟ್ಟಿಲ ಹತ್ತಿರ ಕೂತಿದ್ದಳು. ಮೇಷ್ಟ್ರು ಕುರ್ಚಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ನಾವಿಬ್ಬರೂ ಯಾರೋ ಎಂಬಂತೆ ಕೂತಿದ್ದರು. ನಲವತ್ತಾರು ವರ್ಷದ ಹೆಂಗಸು ಹನ್ನೊಂದು ವರ್ಷದ ಹುಡುಗಿಯ ಪಕ್ಕ ನಿಂತು ತಲೆ ಎತ್ತಿದೆ. ನಿಜ ಹೇಳಬೇಕೆಂದರೆ ನಾನು ಹತ್ತನೆಯ ವಯಸ್ಸಿನಿಂದ ಈಚೆಗೆ ಆಕಾಶ ನೋಡಿರಲೇ ಇಲ್ಲ. ತಲೆ ಎತ್ತುತ್ತಿದ್ದೆ, ಮನಸ್ಸು ಮುಳ್ಳು ಎಣಿಸುತ್ತಿತ್ತು. ಈಗ ಎಣಿಸುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ನೋಡಿದೆ. ಕಪ್ಪು ಎಷ್ಟು ದೊಡ್ಡದಾಗಿತ್ತೆಂದರೆ ಮಾಳಿಗೆಯ ಗೋಡೆ ಹಿಡಿದುಕೊಂಡೆ. ಎರಡನೆಯ ಸಂಜೆಯೂ ಹಾಗೆಯೇ ನೋಡಿದೆವು.

ಮೂರನೆಯ ಸಂಜೆ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, "ಪವಿತ್ರ" ಎಂದು ಕರೆದರು.

"ಕಾಣ್ಲಿಲ್ಲ ಸಾ."

"ಯಾವ ದಿಕ್ಕಲ್ಲಿ ಕಾಣ್ಲಿಲ್ಲ?"

ಅದು ಕುಹಕವಲ್ಲ, ಅವರಿಗೆ ಬರೆಯಲು ಬೇಕಿತ್ತು. ಹುಡುಗಿ ಯೋಚಿಸಿದಳು. ನಿಂತಲ್ಲಿಯೇ ನಿಧಾನವಾಗಿ ಒಂದು ಸುತ್ತು ತಿರುಗಿ, ನಾಲ್ಕೂ ಕಡೆ ಇನ್ನೊಮ್ಮೆ ನೋಡಿ, "ನಾಕು ದಿಕ್ಕಲ್ಲೂ ಇಲ್ಲ ಸಾ" ಎಂದಳು. ಮೇಷ್ಟ್ರು ಬರೆದುಕೊಂಡು, ಎಲ್ಲ ಮಕ್ಕಳಿಗೆ ಓದಿ ಹೇಳುವಂತೆ ಗಟ್ಟಿಯಾಗಿ ಓದಿದರು: "ಎರಡು ಸಾವಿರದ ಒಂಬೈನೂರ ಎಂಟು. ಪವಿತ್ರ. ನೋಡಿದಳು. ನಾಲ್ಕು ದಿಕ್ಕಿನಲ್ಲೂ ಕಾಣಲಿಲ್ಲ." ಕೆಳಗೆ ಜಯಶೀಲ ಅಳುವುದು ಕೇಳಿಸಿತು. ಆಮೇಲೆ ನನ್ನ ಹೆಸರು ಕರೆದರು. ನಾನೂ ಒಂದು ಸುತ್ತು ತಿರುಗಿ ನೋಡಿ, ಕಾಣಲಿಲ್ಲ ಎಂದೆ. ಎರಡು ಸಾವಿರದ ಒಂಬೈನೂರ ಒಂಬತ್ತು ಎಂದು ಓದಿದರು. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದರು. ಪುಸ್ತಕ ಮುಚ್ಚಿ, "ನಾಳೆ ಒಂದನೇ ನಂಬರಿನಿಂದ ಶುರುಮಾಡ್ಬೇಕು. ಇರೋರನ್ನೆಲ್ಲ ಕರೀಬೇಕು. ಲೆಕ್ಕ ನೀನೇ ಹಾಕು, ನನಗೆ ನಿನ್ನಷ್ಟು ಬರಲ್ಲ," ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮೆಟ್ಟಿಲು ಇಳಿಯುವಾಗ ಪವಿತ್ರ ನನ್ನ ಹಿಂದೆ ಇದ್ದಳು. ಅರ್ಧ ಇಳಿದ ಮೇಲೆ, "ಅಕ್ಕಾ, ನಿಮಗೆ ಇವತ್ತು ಕಾಣ್ಬೋದು ಅನ್ಸಿತ್ತಾ?" ಎಂದು ಕೇಳಿದಳು.

ಇಲ್ಲ ಎಂದು ಹೇಳುವುದು ಸುಲಭವಿತ್ತು. ದೊಡ್ಡವರು ಹಾಗೆಯೇ ಹೇಳುತ್ತಾರೆ.

"ಅನ್ಸಿತ್ತು ಕಣೆ. ಈಗ್ಲೂ ಅನ್ನಿಸ್ತೈತೆ," ಎಂದೆ. ಹೇಳಿದ ಮೇಲೆ ನನ್ನ ಕೈಲಿ ಇಳಿಯಲಾಗಲಿಲ್ಲ. ಆ ಮೆಟ್ಟಿಲ ಮೇಲೆಯೇ ಕೂತು ಅತ್ತೆ. ಹುಡುಗಿ ನನ್ನನ್ನು ದಾಟಿ ಹೋಗದೆ ಮೇಲಿನ ಮೆಟ್ಟಿಲಲ್ಲಿ ನಿಂತು ಕಾದಳು.